ಸಹಿ ಹಾಕಿ ಬಂದುಬಿಡಬೇಡಿ: ಮೊದಲ ಸಲ ಗೆದ್ದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಪತ್ರ ಯಾರೋ ಒಬ್ಬರಿಗಲ್ಲ, ಯಾವುದೋ ಒಂದು ಪಕ್ಷಕ್ಕೂ ಅಲ್ಲ. ಮೊದಲ ಸಲ ಗೆದ್ದು ವಿಧಾನಸಭೆಗೆ ಹೋಗಿರುವ ನಿಮಗೆಲ್ಲರಿಗೂ ಬರೆಯುತ್ತಿದ್ದೇನೆ. ಎರಡನೇ ಸಲ, ಮೂರನೇ ಸಲ ಗೆದ್ದವರು ಓದಿದರೂ ಸಂತೋಷವೇ. ಆದರೆ ಅವರಿಗೆ ಆಗಲೇ ಒಂದು ರೂಢಿ ಬಿದ್ದಿರುತ್ತದೆ. ನಿಮಗೆ ಇನ್ನೂ ಬಿದ್ದಿಲ್ಲ ಅನ್ನೋ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಒಬ್ಬ ಶಾಸಕರ ಮನೆಗೆ ಹೋಗಿದ್ದೆ. ಹೆಸರು ಬೇಡ, ಅವರು ಈಗ ಮಾಜಿ. ನಮ್ಮೂರಿನ ಏಳೆಂಟು ಜನರ ಬಗರ್‌ಹುಕುಂ ಅರ್ಜಿಗಳು, ಅಂದರೆ ಉಳುತ್ತಿರೋ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅನ್ನೋ ಅರ್ಜಿಗಳು, ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುತ್ತಾ ಕೂತಿದ್ದವು. ಅವನ್ನು ತೀರ್ಮಾನಿಸೋ ಸಮಿತಿಗೆ ಶಾಸಕರೇ ಅಧ್ಯಕ್ಷರು, ಹಾಗಾಗಿ ಅವರ ಮನೆ ಬಾಗಿಲಿಗೇ ಹೋಗಬೇಕು. ಏಳು ಗಂಟೆಗೆಲ್ಲ ಅಂಗಳ ತುಂಬಿತ್ತು. ಒಬ್ಬರ ಮಗಳಿಗೆ ವರ್ಗಾವಣೆಗೆ ಪತ್ರ ಬೇಕು. ಇನ್ನೊಬ್ಬರ ಕೈಯಲ್ಲಿ ಆಸ್ಪತ್ರೆ ಬಿಲ್ಲು, ಮಡಚಿ ಮಡಚಿ ಅಂಚು ಹರಿದಿತ್ತು. ಮೂರು ಜನ ಒಟ್ಟಿಗೆ ಬಂದಿದ್ದರು, ಕರೆಂಟಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟು ಹದಿನೈದು ದಿನ ಆಯಿತು, ತೋಟಕ್ಕೆ ನೀರಿಲ್ಲ ಅಂತ. ಗಂಡ ಹೆಂಡತಿ ಇಬ್ಬರು ಮಗನ ಮದುವೆ ಕಾಗದಕ್ಕೆ ಅರಿಶಿನ ಹಚ್ಚಿ ತಂದಿದ್ದರು. ಶಾಸಕರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು, ಕೇಳಿದರು, ಅಲ್ಲೇ ಫೋನು ಹಚ್ಚಿ ಮಾತಾಡಿದರು. ಎಲ್ಲರಿಗೂ ಕಾಫಿ ಬಂತು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಅಷ್ಟರಲ್ಲಿ ಯಾರೋ ಕೇಳಿದರು, "ಸಾರ್, ನಾಳೆಯಿಂದ ಅಧಿವೇಶನ ಅಲ್ವಾ? ನೀವು ಸಿಗೋದಿಲ್ವೇನೋ?"

"ಹೂಂ, ನಾಳೆ ಹೋಗಿ ಸಹಿ ಹಾಕಿ ಬಂದುಬಿಡ್ತೀನಿ. ಬುಧವಾರ ಇಲ್ಲೇ ಇರ್ತೀನಿ, ಮದುವೆಗೂ ಬರ್ತೀನಿ."

ಅಂಗಳದಲ್ಲಿದ್ದ ಎಲ್ಲರಿಗೂ ಖುಷಿಯಾಯಿತು. ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ತಲೆಯಲ್ಲಿ ತಿರುಗೋಕೆ ಶುರುವಾಯಿತು. ನಾವು ಸಾಲಿನಲ್ಲಿ ನಿಂತು ಓಟು ಹಾಕಿದ್ದು ಇವರನ್ನು ವಿಧಾನಸಭೆಗೆ ಕಳಿಸೋಕೆ. ಅಲ್ಲಿಗೆ ಇವರು ಹೋಗೋದು ಹಾಜರಿ ಪುಸ್ತಕಕ್ಕೆ ಸಹಿ ಹಾಕೋಕೆ. ಅದನ್ನು ಕೇಳಿ ನಾವು ಖುಷಿಪಡುತ್ತೇವೆ! ತಪ್ಪು ಅವರೊಬ್ಬರದ್ದಲ್ಲ. ಮದುವೆಗೆ ಬರದ ಶಾಸಕರನ್ನು ನಾವು ಐದು ವರ್ಷ ಮರೆಯೋದಿಲ್ಲ, ಸದನದಲ್ಲಿ ಬಾಯಿಬಿಡದ ಶಾಸಕರನ್ನು ಒಂದು ಮಾತೂ ಕೇಳೋದಿಲ್ಲ.

ಆ ದಿನ ನನಗೆ ನೆನಪಾದದ್ದು ಶಾಂತವೇರಿ ಗೋಪಾಲಗೌಡರು. ನಮ್ಮ ಮಲೆನಾಡಿನ ಕಡೆ ಅವರ ಹೆಸರು ಕೇಳದೆ ಬೆಳೆದವರು ಕಡಿಮೆ. ನೀವೂ ಭಾಷಣಗಳಲ್ಲಿ ಅವರ ಹೆಸರು ಹೇಳಿರಬಹುದು. ಆದರೆ ಹೆಸರು ಹೇಳುವವರೆಲ್ಲ ಅವರ ರಾಜಕೀಯ ಜೀವನದ ಲೆಕ್ಕ ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ನೋಡಿದವರು. 1952ರ ಮೊದಲ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರದಲ್ಲಿ ಗೆದ್ದಾಗ ಇನ್ನೂ 30 ತುಂಬಿರಲಿಲ್ಲ. 1957ರಲ್ಲಿ ಸೋತರು. 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಕೊನೆಕೊನೆಗೆ ಆರೋಗ್ಯ ಕೈಕೊಟ್ಟಿತು, 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು 49.

ಅಷ್ಟೇ. ಮೂರು ಗೆಲುವು, ಒಂದು ಸೋಲು. ಮಂತ್ರಿ ಆಗಲಿಲ್ಲ. ಒಂದು ದಿನವೂ ಆಡಳಿತ ಪಕ್ಷದಲ್ಲಿ ಕೂರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಇದನ್ನು ಯಾರೂ ದೊಡ್ಡ ರಾಜಕೀಯ ಜೀವನ ಅನ್ನೋದಿಲ್ಲ. ಹಾಗಿದ್ದೂ ಐವತ್ತು ವರ್ಷ ದಾಟಿದ ಮೇಲೂ ಅವರ ಹೆಸರು ಯಾಕೆ ಉಳಿಯಿತು ಅಂತ ಕೇಳಿದರೆ, ನನ್ನ ಹತ್ತಿರ ಇರೋ ಉತ್ತರ ನಮ್ಮ ಅಜ್ಜಿ ಹೇಳುತ್ತಿದ್ದ, ಭತ್ತ ಅಳೆಯೋ ಕೊಳಗದ ಕಥೆ.

ನಮ್ಮ ಅಜ್ಜ ಒಡೆಯರ ಗದ್ದೆ ಉಳುತ್ತಿದ್ದ ಗೇಣಿ ಒಕ್ಕಲು. ಸುಗ್ಗಿ ಮುಗಿದ ಮೇಲೆ ಗೇಣಿಯ ಭತ್ತವನ್ನು ಅಜ್ಜಿ ಮನೆಯ ಅಂಗಳದಲ್ಲಿ ನಮ್ಮ ಕೊಳಗದಲ್ಲೇ ಅಳೆದು, ಲೆಕ್ಕ ತಪ್ಪದ ಹಾಗೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ಗಾಡಿಗೆ ತುಂಬಿಸುತ್ತಿದ್ದರಂತೆ. ಒಡೆಯರ ಅಂಗಳಕ್ಕೆ ಹೋಗಿ ಅವರ ಕೊಳಗದಲ್ಲಿ ಅಳೆದರೆ ಅದೇ ಭತ್ತ ಕಡಿಮೆ ಬೀಳುತ್ತಿತ್ತು. "ದಾರೀಲಿ ಚೆಲ್ಲಿರಬೇಕು" ಅಂತ ಅಲ್ಲಿನವರು ಹೇಳುತ್ತಿದ್ದರಂತೆ. ಅಜ್ಜ ತಲೆ ತಗ್ಗಿಸಿ ವಾಪಸ್ ಬಂದು ಮನೆಗೆ ಅಂತ ಇಟ್ಟಿದ್ದ ಭತ್ತದಲ್ಲಿ ಮತ್ತೆ ತುಂಬಿಕೊಂಡು ಹೋಗುತ್ತಿದ್ದರು. ಕೊಳಗ ದೊಡ್ಡದು ಅಂತ ಎಲ್ಲರಿಗೂ ಗೊತ್ತು. ಹೇಳೋ ಹಾಗಿಲ್ಲ, ಹೇಳಿದರೆ ಮುಂದಿನ ವರ್ಷ ಗದ್ದೆ ಇಲ್ಲ. ಅಜ್ಜಿ ಇದನ್ನು ಹೇಳುವಾಗ ಎರಡು ಕೈಯನ್ನೂ ಅಗಲ ಮಾಡಿ "ಇಷ್ಟು ಬಾಯಿ ಇತ್ತು ಮಗಾ ಅದಕ್ಕೆ" ಅನ್ನುತ್ತಿದ್ದರು. ಕೊಳಗದ ಬಾಯಿ ಎಷ್ಟಿತ್ತು ಅನ್ನೋದು ಅವರ ಕೈಗೆ ಸಾಯೋ ತನಕ ನೆನಪಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದು ಇದೇ ಕೊಳಗದ ಮೇಲೆ. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದರು, ಗೋಪಾಲಗೌಡರು ಮತ್ತು ಸಮಾಜವಾದಿಗಳು ಬಂದು ಕೈಜೋಡಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ದೂರದಿಂದ ಬಂದು ಅಲ್ಲೇ ಬಂಧನಕ್ಕೆ ಒಳಗಾದರು. ಜೈಲಿಗೆ ಹೋದವರಲ್ಲಿ ಓದು ಬರಹ ಬಾರದ ಒಕ್ಕಲುಗಳೇ ಜಾಸ್ತಿ. ಇದಾಗಿ ವರ್ಷ ತುಂಬೋದರೊಳಗೆ ಚುನಾವಣೆ ಬಂತು. ಗದ್ದೆಯಲ್ಲಿ ಕೇಳಿದ ಮಾತನ್ನು ಗೋಪಾಲಗೌಡರು ಹಾಗೇ ಎತ್ತಿಕೊಂಡು ಹೋಗಿ ಸದನದಲ್ಲಿ ಇಟ್ಟರು. ಉಳುವವನಿಗೆ ಭೂಮಿ ಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು. ಈ ಮೂರನ್ನೂ ಬಿಡದೆ ಹೇಳಿದರು. ಸಮಾಜವಾದಿ ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು, ಹೆಸರು ಬದಲಾಯಿತು. ಅವರ ಮಾತು ಬದಲಾಗಲಿಲ್ಲ.

ಈಗ ದಿನಾಂಕಗಳನ್ನು ನೋಡಿ. ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ, ಉಳುವವನಿಗೆ ಭೂಮಿ ಕೊಡುವ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಎರಡನ್ನೂ ಅವರು ಕಣ್ಣಲ್ಲಿ ನೋಡಲಿಲ್ಲ. ಶಾಸನ ಮಾಡಿದ ಕೀರ್ತಿ ಅರಸರಿಗೆ ಸಲ್ಲಬೇಕು, ಸಲ್ಲುತ್ತದೆ. ಆದರೆ ಅದಕ್ಕೂ ಮೊದಲು ಇಪ್ಪತ್ತು ವರ್ಷ ಆ ಮಾತನ್ನು ಸದನದಲ್ಲಿ ಆರದ ಹಾಗೆ ಇಟ್ಟವರು ಗೋಪಾಲಗೌಡರ ಹಾಗೆ ವಿರೋಧ ಪಕ್ಷದ ಬೆಂಚಿನಲ್ಲಿ ಕೂತಿದ್ದ ಕೆಲವೇ ಕೆಲವರು.

ನಮ್ಮ ಅಜ್ಜ 7ನೇ ನಮೂನೆ ತುಂಬಿಸಿ, ಉಳುತ್ತಿದ್ದ ಗದ್ದೆಗೆ ಹಕ್ಕು ಕೇಳಿ ಡಿಕ್ಲರೇಶನ್ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ಆಗ ವಕೀಲರು ವಾದ ಮಾಡೋ ಹಾಗಿರಲಿಲ್ಲ, ಗೇಣಿದಾರ ತಾನೇ ನಿಂತು ಹೇಳಬೇಕು. ಒಡೆಯರ ಎದುರು ಎಂದೂ ತಲೆ ಎತ್ತದ ಅಜ್ಜ ಅವತ್ತು ಎಷ್ಟು ವರ್ಷದಿಂದ ಉಳುತ್ತಿದ್ದೇನೆ, ಬದಿಯಲ್ಲಿ ಯಾವ ಮರ ಇದೆ, ನೀರು ಯಾವ ಕಡೆಯಿಂದ ಬರುತ್ತದೆ ಅಂತ ಒಂದೂ ತಪ್ಪದೆ ಹೇಳಿದರಂತೆ. ಎರಡು ಎಕರೆ ಚಿಲ್ಲರೆ ಗದ್ದೆ ಅವರ ಹೆಸರಿಗಾಯಿತು. ಅದೇ ಗದ್ದೆಯ ಭತ್ತದಲ್ಲಿ ನಮ್ಮಪ್ಪ ಹೈಸ್ಕೂಲು ಮುಗಿಸಿದರು, ನಾನು ಕಾಲೇಜು ಮುಗಿಸಿದೆ. ಸದನದಲ್ಲಿ ಆಡಿದ ಮಾತು ಎಲ್ಲಿಗೆ ಬಂದು ಮುಟ್ಟುತ್ತದೆ ಅನ್ನೋದು ನನಗೆ ಪಹಣಿಯಲ್ಲಿ ಕಾಣುತ್ತದೆ.

ಅದಕ್ಕೇ "ಸಹಿ ಹಾಕಿ ಬಂದುಬಿಡ್ತೀನಿ" ಅನ್ನೋ ಮಾತು ಅಷ್ಟು ನೋಯಿಸಿತು.

ನಿಮ್ಮಲ್ಲಿ ಕೆಲವರು ಹೇಳಬಹುದು, ಮಂತ್ರಿ ಆಗದೆ ಏನು ಮಾಡೋಕಾಗುತ್ತೆ ಅಂತ. ಸಾಮಾನ್ಯವಾಗಿ ಹೇಳೋದೇ ಹಾಗೆ. ಆದರೆ ಲೆಕ್ಕ ಹಾಕಿ. ನಮ್ಮ ವಿಧಾನಸಭೆಯಲ್ಲಿ 224 ಜನ. 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಆದ ಮೇಲೆ ಮುಖ್ಯಮಂತ್ರಿ ಸೇರಿ 34 ಜನ ಮಾತ್ರ ಮಂತ್ರಿಗಳಾಗಬಹುದು. ಉಳಿದ 190 ಜನ ಏನು ಮಾಡಬೇಕು? ಐದು ವರ್ಷ ಮುಖ ಊದಿಸಿಕೊಂಡು, ಯಾವ ನಿಗಮ ಸಿಗುತ್ತೆ, ಯಾವ ಮಂಡಳಿ ಸಿಗುತ್ತೆ ಅಂತ ಕಾಯಬೇಕಾ? ಎ.ಟಿ. ರಾಮಸ್ವಾಮಿ ಅವರನ್ನು ನೋಡಿ. ಅರಕಲಗೂಡಿನ ಶಾಸಕರಾಗಿದ್ದಾಗ ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಸದನ ಸಮಿತಿಯ ಅಧ್ಯಕ್ಷರಾದರು. 2007ರಲ್ಲಿ ಕೊಟ್ಟ ವರದಿಯಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಜಾಸ್ತಿ ಒತ್ತುವರಿ ಲೆಕ್ಕ ಹೊರಗೆ ತಂದರು. ಮಂತ್ರಿಗಿರಿ ಇಲ್ಲ, ಕೆಂಪು ದೀಪದ ಕಾರಿಲ್ಲ, ಒಂದು ಸದನ ಸಮಿತಿ ಅಷ್ಟೇ. ಬೆಂಗಳೂರಿನ ಭೂಗಳ್ಳತನದ ಬಗ್ಗೆ ಇವತ್ತಿಗೂ ಯಾರು ಮಾತಾಡಿದರೂ ಆ ವರದಿಯ ಹೆಸರು ಬಂದೇ ಬರುತ್ತದೆ.

ಸದನ ಅಂದರೆ ಬರೀ ಗಲಾಟೆ ಅಂತ ಟಿವಿ ನೋಡಿದವರಿಗೆ ಅನ್ನಿಸುತ್ತದೆ. ನೀವು ಒಳಗಿರೋರು, ನಿಮಗೆ ಗೊತ್ತು. ಪ್ರಶ್ನೋತ್ತರದ ವೇಳೆ ಇದೆ, ಶೂನ್ಯ ವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ. ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ನೀವು ಉಪಪ್ರಶ್ನೆ ಕೇಳಬಹುದು. ಅವರು "ಪರಿಶೀಲಿಸುತ್ತೇವೆ, ಕ್ರಮ ಕೈಗೊಳ್ಳುತ್ತೇವೆ" ಅಂದರೆ ಅದು ಭರವಸೆ. ಆ ಭರವಸೆ ಏನಾಯಿತು ಅಂತ ಬೆನ್ನು ಹತ್ತೋಕೇ ಭರವಸೆಗಳ ಸಮಿತಿ ಅಂತ ಒಂದಿದೆ. ತಹಸೀಲ್ದಾರರಿಗೆ ನೀವು ಮಾಡುವ ಒಂದು ಫೋನಿನಿಂದ ಒಂದು ಮನೆಯ ಕೆಲಸ ಆಗುತ್ತದೆ. ಸದನದಲ್ಲಿ ಕೇಳಿದ ಒಂದು ಪ್ರಶ್ನೆಗೆ ಇಲಾಖೆಯವರು ಕೆಳಗಿಂದ ಮೇಲಿನವರೆಗೆ ಕಡತ ತೆಗೆದು ಲೆಕ್ಕ ಕೊಡಬೇಕಾಗುತ್ತದೆ, ಉತ್ತರ ನಡವಳಿಯಲ್ಲಿ ಅಚ್ಚಾಗುತ್ತದೆ. ಫೋನಿನ ಮಾತು ಎಲ್ಲೂ ಅಚ್ಚಾಗೋದಿಲ್ಲ.

ಇನ್ನು ದಿನಗಳ ವಿಷಯ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಇದೇ ಸದನ ಮಾಡಿದ ಕಾಯ್ದೆ. ಅದಾದ ಮೇಲೆ ಎಲ್ಲಾ ಪಕ್ಷದ ಸರ್ಕಾರಗಳೂ ಬಂದು ಹೋದವು, 60 ಮುಟ್ಟೋದೇ ಅಪರೂಪ, ಕೆಲವು ವರ್ಷ ಅದರ ಅರ್ಧವೂ ಆಗಲಿಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸೋದಿಲ್ಲ. ತಾನೇ ಮಾಡಿದ ಕಾಯ್ದೆಯನ್ನು ಸದನವೇ ಪಾಲಿಸದಿದ್ದರೆ ಯಾರನ್ನು ಕೇಳೋದು? ನಿಮ್ಮನ್ನೇ ಕೇಳಬೇಕು. ಕೇಳುತ್ತಿದ್ದೇನೆ.

ಮಾತಾಡದೇ ಹೋದರೆ ಏನಾಗುತ್ತದೆ ಅನ್ನೋದಕ್ಕೂ ಅದೇ ಭೂಮಿಯ ಉದಾಹರಣೆ ಇದೆ. ಕೃಷಿ ಜಮೀನನ್ನು ಯಾರು ಕೊಳ್ಳಬಹುದು, ಯಾರು ಕೊಳ್ಳಬಾರದು ಅಂತ ಇದ್ದ ನಿಯಮ, ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು, 2020ರಲ್ಲಿ ಹೋದವು. ಹೋದದ್ದು ಸರಿಯೋ ತಪ್ಪೋ ಅನ್ನೋದಕ್ಕೆ ಎರಡು ಕಡೆಯೂ ವಾದ ಇದೆ. ನನ್ನ ಮಟ್ಟಿಗೆ ತಪ್ಪು. ಅದು ಪಕ್ಕಕ್ಕಿರಲಿ. ಅದು ಮೊದಲು ಬಂದದ್ದು ಜುಲೈಯಲ್ಲಿ, ಸುಗ್ರೀವಾಜ್ಞೆಯಾಗಿ. ಸದನದ ಮುಂದೆ ಚರ್ಚೆಗೆ ಬರೋ ಹೊತ್ತಿಗೆ ಅದು ಆಗಲೇ ಜಾರಿಯಲ್ಲಿತ್ತು. ರೈತರು ಬೀದಿಗೆ ಬಂದರು, ಕೊನೆಗೆ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಒಂದು ತಲೆಮಾರು ಜೈಲಿಗೆ ಹೋಗಿ, ಇಪ್ಪತ್ತು ವರ್ಷ ಮಾತಾಡಿ ತಂದ ಶಾಸನವನ್ನು ಬದಲಾಯಿಸೋ ಮುಂಚೆ ಹಳ್ಳಿಹಳ್ಳಿಯಲ್ಲಿ ಅಲ್ಲದಿದ್ದರೂ ಸದನದಲ್ಲಾದರೂ ಹತ್ತು ದಿನ ಕೂತು ಮಾತಾಡಬೇಕಿತ್ತು.

ದುಡ್ಡಿನ ವಿಷಯ ಬರೆಯದಿದ್ದರೆ ಪತ್ರ ಪೂರ್ತಿ ಆಗೋದಿಲ್ಲ. ಗೋಪಾಲಗೌಡರ ಚುನಾವಣೆ "ಒಂದು ಓಟು, ಒಂದು ನೋಟು" ಅಂತ ನಡೆಯಿತು. ಅಂದರೆ ಮತದಾರ ಓಟನ್ನೂ ಕೊಡಬೇಕು, ಜೊತೆಗೆ ಒಂದು ರೂಪಾಯಿ ನೋಟನ್ನೂ ಕೊಡಬೇಕು. ಆಗ ಒಂದು ರೂಪಾಯಿ ಗೇಣಿದಾರನಿಗೆ ಸಣ್ಣ ದುಡ್ಡಲ್ಲ. ಆದರೂ ಕೊಟ್ಟರು. ಕೊಟ್ಟವನಿಗೆ ಕೇಳೋ ಹಕ್ಕು ಬಂತು, ತಗೊಂಡವರಿಗೆ ಹೇಳೋ ಧೈರ್ಯ ಬಂತು. ಇವತ್ತು ನೋಟು ಈ ಕಡೆಯಿಂದ ಆ ಕಡೆಗೆ ಹೋಗೋದಿಲ್ಲ, ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಚುನಾವಣಾ ಆಯೋಗ ವಿಧಾನಸಭೆಯ ಅಭ್ಯರ್ಥಿಗೆ ಹಾಕಿರೋ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನಿಮಗೆ ಎಷ್ಟು ಖರ್ಚಾಯಿತು ಅಂತ ನಾನು ಕೇಳುತ್ತಿಲ್ಲ. ಅದು ಯಾರ ಹತ್ತಿರದಿಂದ ಬಂತು, ಅವರು ನಾಳೆ ಏನು ಕೇಳುತ್ತಾರೆ ಅನ್ನೋದನ್ನು ರಾತ್ರಿ ಒಬ್ಬರೇ ಕೂತು ಯೋಚನೆ ಮಾಡಿ. ಕೆರೆ ಒತ್ತುವರಿ ಬಗ್ಗೆ ಪ್ರಶ್ನೆ ಬರೆಯೋಕೆ ಕೂತಾಗ ಕೈ ನಡುಗಬಾರದಲ್ವಾ. ನಾವೂ ನೋಟಿಗೆ ಕೈಚಾಚಿದ್ದೇವೆ, ಗೊತ್ತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಕಳೆದ ಸಲ ಕವರು ವಾಪಸ್ ಕೊಟ್ಟ ಮನೆ ಎರಡೇ ಎರಡು.

ಪಕ್ಷ ಬಿಡೋದರ ಬಗ್ಗೆ ಜಾಸ್ತಿ ಬರೆಯೋದಿಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದದ್ದು, ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ 11 ಜನ ಹೊಸ ಪಕ್ಷದಿಂದ ಗೆದ್ದು ಬಂದದ್ದು ನಿಮಗೆಲ್ಲ ನೆನಪಿದೆ. ಜನ ಗೆಲ್ಲಿಸಿದರಲ್ಲ ಅಂತ ಹೇಳಬಹುದು. ಹೌದು, ಗೆಲ್ಲಿಸಿದರು. ಆದರೆ ಅವರು ಆ ಅವಧಿಯಲ್ಲಿ ಸದನದಲ್ಲಿ ಏನು ಮಾತಾಡಿದರು ಅಂತ ಇವತ್ತು ಯಾರಿಗಾದರೂ ನೆನಪಿದೆಯಾ? ಬಸ್ಸಿನಲ್ಲಿ ಕೂತದ್ದು, ಹೋಟೆಲಿನಲ್ಲಿದ್ದದ್ದು ನೆನಪಿದೆ.

ಗೋಪಾಲಗೌಡರ ಜೊತೆ, ಅವರ ಹಿಂದೆ ಓಡಾಡಿಕೊಂಡು ರಾಜಕೀಯ ಕಲಿತವರು ಎಷ್ಟೋ ಜನ. ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಬಂಗಾರಪ್ಪನವರು ಅದೇ ವರ್ಷ ಸೊರಬದಿಂದ ವಿಧಾನಸಭೆಗೆ ಬಂದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡು ತಿಮ್ಮಪ್ಪನವರು ಸ್ಪೀಕರ್ ಆದರು. ಅವರವರ ದಾರಿ ಬೇರೆಬೇರೆ ಆಯಿತು, ಎಲ್ಲವನ್ನೂ ನಾನು ಒಪ್ಪೋದಿಲ್ಲ. ಆದರೆ ಸದನದಲ್ಲಿ ಎದ್ದು ನಿಂತರೆ ಹೆದರಿಕೆ ಇಲ್ಲದೆ ಮಾತಾಡೋದನ್ನು ಅವರು ಎಲ್ಲಿ ಕಲಿತರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಏನು ಮಾತಾಡೋದು ಅಂತ ಕೇಳಿದರೆ ನಮ್ಮ ಕಡೆಯದ್ದೇ ಹೇಳುತ್ತೇನೆ, ನಿಮ್ಮ ಕಡೆಯದ್ದು ನಿಮಗೆ ಗೊತ್ತಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಬರಲಿ ಅಂತ ಶರಾವತಿ ಕಣಿವೆಯ ಜನ ಮನೆ, ಗದ್ದೆ, ದೇವರ ಕಟ್ಟೆ ಎಲ್ಲಾ ನೀರಿಗೆ ಬಿಟ್ಟು ಲಾರಿ ಹತ್ತಿದರು. ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಉಳುತ್ತಿರೋ ಜಾಗ ಕಾಗದದಲ್ಲಿ ಇನ್ನೂ ಅರಣ್ಯ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಅಷ್ಟು ವರ್ಷವಾದರೂ ಬೇಸಿಗೆ ಬಂದರೆ ಒಣಗಿದ ದರಗೆಲೆ ತರೋಕೆ ಕಾಡಿಗೆ ಹೋಗುವ ಹೆಂಗಸರು ಮೈಗೆ ಎಣ್ಣೆ ಹಚ್ಚಿಕೊಂಡು, ಆ ಕಾಯಿಲೆ ಹರಡುವ ಉಣುಗಿಗೆ ಹೆದರಿಕೊಂಡೇ ಹೋಗಬೇಕು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಹಳದಿಯಾಗಿದೆ. ಇದರಲ್ಲಿ ಒಂದನ್ನಾದರೂ ಹಿಡಿದು ಐದು ವರ್ಷ ಬಿಡದೆ ಕೇಳುವ ಒಬ್ಬರು ಬೇಕು. ಹತ್ತು ವಿಷಯ ಬೇಡ, ಒಂದು ಸಾಕು. ಪ್ರತಿ ಅಧಿವೇಶನದಲ್ಲೂ ಅದೇ ಪ್ರಶ್ನೆ, ಹಿಂದಿನ ಸಲದ ಉತ್ತರ ಕೈಯಲ್ಲಿ ಹಿಡಿದು.

ನಿಮಗೆ ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ ಇದೆ, ಅದರಲ್ಲಿ ರಸ್ತೆಗೆ ಕಾಂಕ್ರೀಟು ಹಾಕಿಸಿ, ಸಮುದಾಯ ಭವನ ಕಟ್ಟಿಸಿ, ಬೇಡ ಅನ್ನೋದಿಲ್ಲ. ಬೆಳಿಗ್ಗೆ ಅಂಗಳ ತುಂಬಿದ ಜನಕ್ಕೂ ಸಿಗಿ. ಅಧಿವೇಶನದ ದಿನ ಮಾತ್ರ ನಮ್ಮನ್ನು ವಾಪಸ್ ಕಳಿಸಿ. "ಸದನ ಇದೆ, ಈ ವಾರ ನಾನು ಇಲ್ಲ, ಮದುವೆಗೂ ಬರೋಕಾಗಲ್ಲ" ಅಂತ ನೇರವಾಗಿ ಹೇಳಿಬಿಡಿ. ಮೊದಮೊದಲು ನಮ್ಮವರು ಗೊಣಗುತ್ತಾರೆ. ಅಂಗಳದಲ್ಲಿ ನಿಂತು ಅವರಿಗೆ ಸಮಾಧಾನ ಹೇಳೋ ಕೆಲಸ ನನ್ನಂಥವರದ್ದು, ಅದನ್ನು ಮಾಡುತ್ತೇವೆ.

ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ದಿನವೇ ಕೂತು ಒಂದು ಪ್ರಶ್ನೆ ಬರೆದು ಸಚಿವಾಲಯಕ್ಕೆ ಕೊಡಿ. ಕನ್ನಡದಲ್ಲಿ, ನಮಗೆ ಅರ್ಥ ಆಗೋ ಹಾಗೆ. ಕಲಾಪ ನೇರ ಪ್ರಸಾರ ಆಗುತ್ತದಲ್ಲ, ನಮ್ಮ ಮನೆಯಲ್ಲಿ ಅಪ್ಪ ಮೊಬೈಲನ್ನು ಚೊಂಬಿಗೆ ಆನಿಸಿಟ್ಟುಕೊಂಡು ನೋಡುತ್ತಾರೆ. ನಿಮ್ಮ ಸರದಿ ಬಂದಾಗ ನನ್ನನ್ನೂ ಕೂಗಿ ಕರೆಯಿರಿ ಅಂತ ಅವರಿಗೆ ಹೇಳಿಟ್ಟಿದ್ದೇನೆ.

ಇತಿ,
ಮಲೆನಾಡಿನ ಒಬ್ಬ ಮತದಾರ